ತಡ ಮಾಡಿದವರು ಯಾರು: ಮಕ್ಕಳಾದ ಮೇಲಿನ ವಿಶ್ವವಿದ್ಯಾನಿಲಯ ಶಿಕ್ಷಣ

ವಿದ್ಯಾಭ್ಯಾಸಕ್ಕೆ ಒಂದು ವಯಸ್ಸಿದೆ, ಆ ವಯಸ್ಸು ದಾಟಿ ಮಕ್ಕಳೂ ಆದ ಮೇಲೆ ಮನುಷ್ಯರ ಕೆಲಸ ಓದಿಸುವುದೇ ಹೊರತು ಓದುವುದಲ್ಲ ಎಂಬ ಅಭಿಪ್ರಾಯ ಕನ್ನಡ ನಾಡಿನಲ್ಲಿ ಎಷ್ಟು ಸರ್ವಸಮ್ಮತವಾಗಿದೆಯೆಂದರೆ ಅದನ್ನು ವಾದಿಸಿ ಸ್ಥಾಪಿಸುವ ಅಗತ್ಯವೇ ಯಾರಿಗೂ ಬೀಳುವುದಿಲ್ಲ. ಮೂವತ್ತೈದು ದಾಟಿದ ಗೃಹಿಣಿಯೊಬ್ಬಳು ನಿಂತುಹೋದ ಬಿ.ಎ.ಯನ್ನು ಮುಂದುವರಿಸುತ್ತೇನೆಂದರೆ, ಮಕ್ಕಳನ್ನು ಓದಿಸುವ ಕಾಲದಲ್ಲಿ ನೀನು ಓದುವುದೇನು ಎಂದು ಗಂಡನ ಮನೆಯೂ ತವರು ಮನೆಯೂ ಒಂದೇ ದನಿಯಲ್ಲಿ ಕೇಳುತ್ತವೆ. ನಲವತ್ತರ ಗಂಡಸು ಅದೇ ಮಾತನ್ನಾಡಿದರೆ, ಈಗ ಓದಿದರೆ ಯಾವ ಕೆಲಸ ಸಿಗುತ್ತದೆ ಎಂಬ ಪ್ರಶ್ನೆ ಎದುರಾಗುತ್ತದೆ. ಕಾಲೇಜಿನ ಕಚೇರಿಯಲ್ಲಿ ಪ್ರವೇಶದ ಅರ್ಜಿಗಾಗಿ ನಿಂತವರನ್ನು, ಅರ್ಜಿ ಮಗನಿಗೋ ಮಗಳಿಗೋ ಎಂದು ವಿಚಾರಿಸುತ್ತಾರೆ. ಇವೆಲ್ಲ ಬಿಡಿ ಬಿಡಿಯಾದ ಸಣ್ಣ ಮಾತುಗಳಂತೆ ತೋರಿದರೂ ಹಾಜರಾತಿಯ ನಿಯಮ, ಶಿಷ್ಯವೇತನದ ವಯೋಮಿತಿ, ತರಗತಿಯ ವೇಳಾಪಟ್ಟಿ, ಹಾಸ್ಟೆಲ್ಲಿನ ಕಟ್ಟಳೆ ಎಲ್ಲವೂ ವಿದ್ಯಾರ್ಥಿಯೆಂದರೆ ಹದಿನೆಂಟರಿಂದ ಇಪ್ಪತ್ತೈದರ ನಡುವಿನ, ಯಾರ ಹೊಣೆಯನ್ನೂ ಹೊರದ ವ್ಯಕ್ತಿಯೆಂದೇ ಭಾವಿಸಿಕೊಂಡು ರೂಪುಗೊಂಡಿರುವುದರಿಂದ, ಮನೆಯ ಅಭಿಪ್ರಾಯವೂ ಸಂಸ್ಥೆಯ ಅಭಿಪ್ರಾಯವೂ ಒಂದನ್ನೊಂದು ಎತ್ತಿಹಿಡಿದು ನಿಂತಿವೆ.

ಈ ಲೇಖನದ ವಿಷಯ ವಯಸ್ಕ ಪೋಷಕ ವಿದ್ಯಾರ್ಥಿಗಳು, ಅಂದರೆ ಒಮ್ಮೆ ನಿಂತ ಅಥವಾ ಎಂದೂ ಆರಂಭವಾಗದ ಉನ್ನತ ಶಿಕ್ಷಣವನ್ನು ಮಕ್ಕಳ ಪಾಲನೆಯ ಹೊಣೆ ಹೊತ್ತಿರುವಾಗಲೇ ಕೈಗೆತ್ತಿಕೊಳ್ಳುವ ತಾಯಂದಿರು ಮತ್ತು ತಂದೆಯರು. ಅವರ ಓದು ತಡವಾದುದು ಬಹುಪಾಲು ಸಮಾಜದ ಕಾರಣದಿಂದಲೇ ಆದ್ದರಿಂದ, ಆ ತಡವನ್ನೇ ಅವರ ಅನರ್ಹತೆಗೆ ಆಧಾರವಾಗಿ ಮುಂದಿಡುವುದು ಅನ್ಯಾಯ. ವಿಶ್ವವಿದ್ಯಾನಿಲಯಗಳು ಇವರನ್ನು ಅಪವಾದವೆಂದಾಗಲಿ ಅದ್ಭುತವೆಂದಾಗಲಿ ಕಾಣದೆ ತಮ್ಮ ಸಾಮಾನ್ಯ ವಿದ್ಯಾರ್ಥಿಗಳೆಂದೇ ಎಣಿಸಿ ನಿಯಮಗಳನ್ನು ತಿದ್ದಬೇಕು ಎಂಬುದು ಇಲ್ಲಿಯ ವಾದ.

ಕಾಲ ಮೀರಿತು ಎಂದು ಹೇಳುವವರು ಕಾಲವನ್ನು ಮೀರಿಸಿದವರು ಯಾರೆಂದು ವಿಚಾರಿಸುವುದಿಲ್ಲ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 21.3 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 21.4 ಇದ್ದುದರಿಂದ, ನಡುವಿನ ವರ್ಷಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಆಗಿಲ್ಲ. ಐವರಲ್ಲಿ ಒಬ್ಬಳಿಗಿಂತ ಹೆಚ್ಚು ಹೆಣ್ಣುಮಕ್ಕಳ ಪಾಲಿಗೆ ಪದವಿ ತರಗತಿಯ ಬಾಗಿಲು ತೆರೆಯುವ ವಯಸ್ಸು ಬರುವಷ್ಟರಲ್ಲಿ ಸಂಸಾರ ಆರಂಭವಾಗಿರುತ್ತದೆ. ಕಾನೂನಿನ ವಯಸ್ಸು ಮೀರಿದ ಮೇಲೆ, ಪದವಿಯ ಎರಡನೆಯ ವರ್ಷದಲ್ಲೋ ಕೊನೆಯ ಸೆಮಿಸ್ಟರಿನ ಹೊಸ್ತಿಲಲ್ಲೋ, ಒಳ್ಳೆಯ ಸಂಬಂಧ ಬಂದಿದೆ, ಓದನ್ನು ಮದುವೆಯಾದ ಮೇಲೂ ಮುಂದುವರಿಸಬಹುದು ಎಂಬ ಭರವಸೆಯೊಡನೆ ಓದು ನಿಲ್ಲಿಸಿದವರು ಈ ಲೆಕ್ಕಕ್ಕೆ ಸೇರಿಲ್ಲ. ಆ ಭರವಸೆ ಕೊಟ್ಟವರೇ ಹತ್ತು ವರ್ಷಗಳ ತರುವಾಯ, ಈಗ ಓದುವ ವಯಸ್ಸೇ ಎಂದು ಕೇಳುತ್ತಾರೆ. ಗಂಡುಮಕ್ಕಳಲ್ಲಿ ತಂದೆ ತೀರಿಕೊಂಡು ಅಂಗಡಿಯನ್ನೋ ಹೊಲವನ್ನೋ ನೋಡಿಕೊಳ್ಳಬೇಕಾಗಿ ಬಂದವರು, ತಂಗಿಯರ ಮದುವೆಯ ಸಾಲ ತೀರಿಸಲು ಹತ್ತೊಂಬತ್ತಕ್ಕೇ ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಸೇರಿದವರು ಕಡಿಮೆಯೇನಿಲ್ಲ. ಇವರಾರೂ ಓದನ್ನು ತಾವಾಗಿ ಮುಂದೂಡಿದವರಲ್ಲ. ಕುಟುಂಬದ ಅಗತ್ಯಕ್ಕಾಗಿ ತಮ್ಮ ಸರದಿಯನ್ನು ಬಿಟ್ಟುಕೊಟ್ಟವರು. ಮುಂಗಾರು ಕೈಕೊಟ್ಟ ಹೊಲಕ್ಕೆ ಹಿಂಗಾರಿನಲ್ಲಿ ಬಿತ್ತುವ ರೈತನನ್ನು ಕಾಲಜ್ಞಾನವಿಲ್ಲದವನೆಂದು ಯಾರೂ ಹಳಿಯುವುದಿಲ್ಲ. ಈ ವಿವೇಕ ಓದಿನ ವಿಷಯಕ್ಕೆ ಬಂದಾಗ ಮಾತ್ರ ಕಾಣದಾಗುತ್ತದೆ.

ಪ್ರಚಲಿತ ಅಭಿಪ್ರಾಯಕ್ಕೆ ಪರಂಪರೆಯ ಬೆಂಬಲವಿದೆಯೆಂದು ಹೇಳುವುದು ರೂಢಿ. ಬ್ರಹ್ಮಚರ್ಯದಲ್ಲಿ ವಿದ್ಯೆ, ಗಾರ್ಹಸ್ಥ್ಯದಲ್ಲಿ ಸಂಸಾರ ಎಂಬ ಆಶ್ರಮವ್ಯವಸ್ಥೆಯ ಕ್ರಮವನ್ನು ಉಲ್ಲೇಖಿಸಿ, ಗೃಹಸ್ಥರು ಮತ್ತೆ ವಿದ್ಯಾರ್ಥಿಗಳಾಗುವುದು ಆ ಕ್ರಮಕ್ಕೆ ವಿರುದ್ಧವೆಂದು ವಾದಿಸಲಾಗುತ್ತದೆ. ಆದರೆ ಆ ಪರಂಪರೆಯ ಶಿಖರಗಳೆನಿಸಿದ ಉಪನಿಷತ್ತುಗಳೇ ಈ ವಾದವನ್ನು ಒಪ್ಪುವುದಿಲ್ಲ. ಛಾಂದೋಗ್ಯದ ಐದನೆಯ ಅಧ್ಯಾಯದಲ್ಲಿ ಪ್ರಾಚೀನಶಾಲನೇ ಮೊದಲಾದ ಐವರು, ಮಹಾಶಾಲರೆಂದರೆ ದೊಡ್ಡ ಮನೆತನಗಳನ್ನು ನಡೆಸುತ್ತಿದ್ದ ಗೃಹಸ್ಥರು, ವೈಶ್ವಾನರ ವಿದ್ಯೆಯನ್ನು ತಿಳಿಯಲು ಉದ್ದಾಲಕನೊಡನೆ ಕೇಕಯದ ಅಶ್ವಪತಿ ರಾಜನ ಬಳಿಗೆ ಹೋಗಿ, ಎಳೆಯ ಶಿಷ್ಯರಂತೆ ಸಮಿತ್ತು ಹಿಡಿದು ನಿಲ್ಲುತ್ತಾರೆ. ರಾಜನು ಉಪನಯನದ ವಿಧಿಯನ್ನೂ ಬೇಡದೆ, ಅಂದರೆ ಶಿಷ್ಯತ್ವದ ಔಪಚಾರಿಕ ಪ್ರವೇಶಕ್ರಮವನ್ನು ಬದಿಗಿರಿಸಿ, ಅವರಿಗೆ ಬೋಧಿಸುತ್ತಾನೆ. ಬೃಹದಾರಣ್ಯಕದ ಆರನೆಯ ಅಧ್ಯಾಯದ ಪ್ರಸಂಗ ಇನ್ನೂ ಸ್ಪಷ್ಟವಾದದ್ದು. ಪಾಂಚಾಲರ ಸಭೆಯಲ್ಲಿ ರಾಜ ಪ್ರವಾಹಣ ಜೈವಲಿ ಕೇಳಿದ ಐದು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ತಿಳಿಯದೆ ಮನೆಗೆ ಮರಳಿದ ಶ್ವೇತಕೇತು ತಂದೆಯನ್ನು ಆಕ್ಷೇಪಿಸಿದಾಗ, ತಂದೆ ತನಗೂ ಅವು ತಿಳಿಯವೆಂದು ಒಪ್ಪಿ, ಇಬ್ಬರೂ ಹೋಗಿ ಶಿಷ್ಯರಾಗಿರೋಣವೆಂದು ಕರೆಯುತ್ತಾನೆ; ಮಗ ತಾನು ಬರುವುದಿಲ್ಲವೆಂದಾಗ ತಂದೆಯೊಬ್ಬನೇ ಹೋಗಿ ಶಿಷ್ಯನಾಗುತ್ತಾನೆ. ಮಗನ ಅಹಂಕಾರಕ್ಕಿಂತ ತಂದೆಯ ಜಿಜ್ಞಾಸೆಯನ್ನು ಮೇಲಿಟ್ಟ ಕಥೆಯಿದು. ಈ ಅವಕಾಶ ಆ ಕಾಲದಲ್ಲಿ ಕೆಲವು ವರ್ಣಗಳ ಗಂಡಸರಿಗೆ ಸೀಮಿತವಾಗಿತ್ತೆಂಬುದು ನಿಜ, ಅದನ್ನು ಮರೆಮಾಚುವ ಕಾರಣವಿಲ್ಲ. ಆದರೆ ಸಂಸಾರಸ್ಥನು ವಿದ್ಯಾರ್ಥಿಯಾಗಬಾರದೆಂಬ ನಿಷೇಧ ಅಲ್ಲಿರಲಿಲ್ಲ. ಪರಂಪರೆಯ ಹೆಸರಿನಲ್ಲಿ ಇಂದು ಹೇಳುತ್ತಿರುವುದು ಪರೀಕ್ಷೆ, ದರ್ಜೆ ಮತ್ತು ನೇಮಕಾತಿಯ ವಯೋಮಿತಿಗಳ ಸುತ್ತ ಬೆಳೆದ ಆಧುನಿಕ ಕಚೇರಿಯ ಅಭ್ಯಾಸವನ್ನು.

ಹೆಂಗಸರ ವಿಷಯದಲ್ಲಿ ನಿಷೇಧ ನಿಜವಾಗಿಯೂ ಇತ್ತು, ಅದನ್ನು ಮುರಿದವರ ಚರಿತ್ರೆಯೂ ಇದೆ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯ ತಾಯಿ ಲಕ್ಷ್ಮೀಬಾಯಿ ಸಂಸ್ಕೃತ ಕಲಿತದ್ದು ಮದುವೆಯಾದ ಮೇಲೆ, ಗಂಡ ಅನಂತಶಾಸ್ತ್ರಿ ಡೋಂಗ್ರೆಯವರಿಂದ. ಹೆಂಡತಿಗೆ ವಿದ್ಯೆ ಕಲಿಸಿದ್ದನ್ನು ಆತ ಪಂಡಿತರ ಸಭೆಯ ಮುಂದೆ ಶಾಸ್ತ್ರಾಧಾರಗಳೊಡನೆ ಸಮರ್ಥಿಸಿಕೊಳ್ಳಬೇಕಾಯಿತು. ಆ ತಾಯಿಯೇ ಮಗಳಿಗೆ ಗುರುವಾದಳು. ರಮಾಬಾಯಿ 1882ರಲ್ಲಿ ವಿಧವೆಯಾಗಿ, ಮರುವರ್ಷವೇ ಎರಡು ವರ್ಷದ ಮಗಳು ಮನೋರಮೆಯನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೊರಟು, ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಓದುತ್ತ ಸಂಸ್ಕೃತವನ್ನು ಬೋಧಿಸಿದರು. ಒಂಟಿ ತಾಯಿಯೊಬ್ಬಳು ಮಗುವಿನೊಡನೆ ಸಮುದ್ರ ದಾಟಿ ವಿದ್ಯಾರ್ಥಿನಿಯಾದ ಈ ಘಟನೆಗೆ ಈಗ ನೂರನಲವತ್ತು ವರ್ಷ ಮೀರಿದೆ. ಕಲ್ಕತ್ತದಲ್ಲಿ 1886ರಲ್ಲಿ ವೈದ್ಯಕೀಯ ಅರ್ಹತೆ ಪಡೆದ ಕಾದಂಬಿನಿ ಗಂಗೂಲಿ ಆ ಹೊತ್ತಿಗಾಗಲೇ ವಿವಾಹಿತೆ; 1893ರಲ್ಲಿ ಮಕ್ಕಳನ್ನು ಮನೆಯವರ ಪಾಲನೆಯಲ್ಲಿ ಬಿಟ್ಟು ಬ್ರಿಟನ್ನಿನಲ್ಲಿದ್ದು ಹೆಚ್ಚಿನ ವೈದ್ಯಕೀಯ ಪದವಿಗಳನ್ನು ಗಳಿಸಿದರು. ಅದಕ್ಕೆ ಎರಡು ವರ್ಷ ಮೊದಲು ಬಂಗವಾಸಿ ಎಂಬ ಪತ್ರಿಕೆ ಅವರ ಶೀಲವನ್ನೇ ಹೀಗಳೆದು ಬರೆದು, ಅವರು ನ್ಯಾಯಾಲಯದ ಮೆಟ್ಟಿಲೇರಿದ ಫಲವಾಗಿ ಅದರ ಸಂಪಾದಕನಿಗೆ ಆರು ತಿಂಗಳ ಸೆರೆಯಾಗಿತ್ತು.

ಇದರ ಪಕ್ಕದಲ್ಲಿ ಇಬ್ಬರು ತಂದೆಯರ ಓದನ್ನು ಇಟ್ಟು ನೋಡಬೇಕು. ಡಾ. ಬಿ.ಆರ್. ಅಂಬೇಡ್ಕರ್ 1913ರಲ್ಲಿ ನ್ಯೂಯಾರ್ಕಿಗೆ ಹೊರಟಾಗ ಮಗ ಯಶವಂತ ಹಸುಗೂಸು. 1920ರಲ್ಲಿ ಅಧ್ಯಾಪಕನ ಕೆಲಸ ಬಿಟ್ಟು ಮತ್ತೆ ಲಂಡನ್ನಿಗೆ ಹೋದಾಗ ಅವರು ಸಂಸಾರಸ್ಥರು, 1923ರಲ್ಲಿ ಡಿ.ಎಸ್ಸಿ. ಪಡೆಯುವಾಗ ಮೂವತ್ತೆರಡರ ತಂದೆ. 1918ರಲ್ಲಿ ಪುಣೆಯಲ್ಲಿ ಬಿ.ಎ. ಮುಗಿಸಿದ್ದ ದ.ರಾ. ಬೇಂದ್ರೆ ಎಂ.ಎ. ಪದವಿ ಪಡೆದದ್ದು 1935ರಲ್ಲಿ, ತಮ್ಮ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ‘ಗರಿ’ ಸಂಕಲನ ಪ್ರಕಟವಾಗಿ ಮೂರು ವರ್ಷವಾದ ಮೇಲೆ. ಇವರ ಜೀವನಚರಿತ್ರೆಗಳನ್ನು ಓದುವ ಯಾರೂ ಇವರು ಮಕ್ಕಳನ್ನು ಕಡೆಗಣಿಸಿ ಓದಿದರೆಂದು ಬರೆಯುವುದಿಲ್ಲ, ಬರೆಯಲೂಬಾರದು. ಅಂಬೇಡ್ಕರರ ಓದಿನ ಬೆಲೆಯಲ್ಲಿ ದೊಡ್ಡ ಪಾಲನ್ನು ಮುಂಬಯಿಯ ಬಡತನದಲ್ಲಿ ತೆತ್ತ ಪತ್ನಿ ರಮಾಬಾಯಿ ಅಂಬೇಡ್ಕರರನ್ನು ನೆನೆಯದೆ ಮಾತ್ರ ಆ ಕಥೆಯನ್ನು ಹೇಳಬಾರದು. ತಂದೆಯ ಮರುಓದಿಗೆ ಛಲವೆಂದೂ ತಾಯಿಯ ಮರುಓದಿಗೆ ಕರ್ತವ್ಯಲೋಪವೆಂದೂ ಹೆಸರಿಡುವ ಸಮಾಜ ಮಕ್ಕಳ ಹಿತವನ್ನು ಯೋಚಿಸುತ್ತಿದೆಯೆಂದು ಹೇಗೆ ನಂಬುವುದು? ಮಕ್ಕಳ ಹಿತವೇ ಮಾನದಂಡವಾಗಿದ್ದರೆ ವರ್ಷಕ್ಕೊಮ್ಮೆ ಊರಿಗೆ ಬರುವ ಗಲ್ಫಿನ ಉದ್ಯೋಗಿಯ ಬಗೆಗೂ, ಮಗು ಏಳುವ ಮುನ್ನ ಹೊರಟು ಮಲಗಿದ ಮೇಲೆ ಮನೆ ಸೇರುವ ಬೆಂಗಳೂರಿನ ಕಂಪನಿಯ ನೌಕರನ ಬಗೆಗೂ ಅದೇ ಪ್ರಶ್ನೆ ಏಳಬೇಕಿತ್ತು. ಅದು ಏಳುವುದಿಲ್ಲ. ಸಂಬಳ ತರುವ ಗೈರುಹಾಜರಿ ಕರ್ತವ್ಯವೆನಿಸುತ್ತದೆ, ಅರಿವು ತರುವ ಗೈರುಹಾಜರಿ ಅಪರಾಧವೆನಿಸುತ್ತದೆ.

ಮನೆಯ ಕೆಲಸದ ಲೆಕ್ಕವನ್ನು ಕೇಂದ್ರ ಸರ್ಕಾರವೇ ಅಳೆದಿದೆ. ಜನರು ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಹೇಗೆ ಕಳೆಯುತ್ತಾರೆಂದು ದಾಖಲಿಸುವ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು 2019ರಲ್ಲಿ ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆದರೆ ಗಂಡಸರು 97 ನಿಮಿಷ ಕಳೆಯುತ್ತಿದ್ದರು. 2024ರಲ್ಲಿ ಈ ಅಂಕಿಗಳು 289 ಮತ್ತು 88. ಹೆಂಗಸರ ದುಡಿಮೆಯಲ್ಲಿ ಹತ್ತು ನಿಮಿಷ ಕಡಿಮೆಯಾದ ಐದು ವರ್ಷಗಳಲ್ಲಿ ಗಂಡಸರ ದುಡಿಮೆ ಹೆಚ್ಚಲಿಲ್ಲ, ಅದೂ ಒಂಬತ್ತು ನಿಮಿಷ ಇಳಿಯಿತು. ಓದಲು ಹೊರಟ ತಾಯಿಯಿಂದ ಮನೆ ಹಾಳಾಗುತ್ತದೆ ಎಂಬ ಭಯದ ತಿರುಳು ಇಲ್ಲಿದೆ: ಆಕೆ ಪುಸ್ತಕ ಹಿಡಿದು ಕೂತ ಎರಡು ಗಂಟೆಯಲ್ಲಿ ಅಡುಗೆ, ಪಾತ್ರೆ, ಬಟ್ಟೆ, ಮಗುವಿನ ಹೋಂವರ್ಕ್ ಯಾರ ಪಾಲಿಗೆ ಬೀಳುತ್ತವೆ ಎಂಬುದೇ ಆ ಭಯ. ಅದನ್ನು ಹಾಗೆಂದೇ ಹೇಳಿದರೆ ಚರ್ಚೆಗೆ ಬೆಲೆ ಬರುತ್ತದೆ. ಮಕ್ಕಳ ಭವಿಷ್ಯದ ಹೆಸರಿನಲ್ಲಿ ಹೇಳಿದಾಗ ಅದು ತಾಯಂದಿರ ಮನಸ್ಸಿನಲ್ಲಿ ಅಪರಾಧಭಾವವನ್ನು ಬಿತ್ತುವ ಉಪಾಯವಷ್ಟೇ ಆಗುತ್ತದೆ. ಮನೆಯಲ್ಲಿ ದೊಡ್ಡವರೊಬ್ಬರು ಪುಸ್ತಕ ತೆರೆದು ಕಷ್ಟಪಟ್ಟು ಅರ್ಥಮಾಡಿಕೊಳ್ಳುವುದನ್ನು, ಪರೀಕ್ಷೆಗೆ ಹೆದರುವುದನ್ನು, ತಪ್ಪಿ ಮತ್ತೆ ಕಟ್ಟುವುದನ್ನು ನೋಡುತ್ತ ಬೆಳೆಯುವ ಮಗು ಏನನ್ನೋ ಕಳೆದುಕೊಳ್ಳುತ್ತಿದೆಯೆಂದು ಹೇಳುವವರು ಆ ನಷ್ಟ ಯಾವುದೆಂದು ತೋರಿಸಬೇಕು.

ವಯಸ್ಸಾದ ಮೇಲೆ ತಲೆಗೆ ಹತ್ತುವುದಿಲ್ಲ ಎಂಬ ನಂಬಿಕೆಯನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ವಯಸ್ಕರ ಕಲಿಕೆಯನ್ನು ಕುರಿತ ಗ್ರಂಥವನ್ನು 1928ರಲ್ಲೇ ಪ್ರಕಟಿಸಿ, ಕಲಿಯುವ ಶಕ್ತಿ ಯೌವನದ ನಂತರ ಕುಗ್ಗುವುದು ಬಹಳ ನಿಧಾನವಾಗಿ ಎಂದು ತೋರಿಸಿದ. ಮುಂದೆ ರೇಮಂಡ್ ಕ್ಯಾಟೆಲ್ ಬುದ್ಧಿಯನ್ನು ಎರಡಾಗಿ ಬಿಡಿಸಿ ನೋಡಿದ: ಅಪರಿಚಿತ ಸಮಸ್ಯೆಯನ್ನು ಥಟ್ಟನೆ ಬಿಡಿಸುವ ಚುರುಕು ಒಂದು, ಓದು ಮತ್ತು ಅನುಭವಗಳಿಂದ ಕೂಡುತ್ತ ಹೋಗುವ ತಿಳಿವಳಿಕೆ ಇನ್ನೊಂದು. ಮೊದಲನೆಯದು ವಯಸ್ಸಿನೊಡನೆ ಇಳಿದರೂ ಎರಡನೆಯದು ನಡುವಯಸ್ಸಿನಲ್ಲಿಯೂ ಬೆಳೆಯುತ್ತಲೇ ಇರುತ್ತದೆ. ಇತಿಹಾಸ, ಕಾನೂನು, ಸಮಾಜಶಾಸ್ತ್ರ, ಶಿಕ್ಷಣಶಾಸ್ತ್ರ, ಸಾಹಿತ್ಯಗಳ ಓದು ಬೇಡುವುದು ಎರಡನೆಯದನ್ನೇ ಹೆಚ್ಚಾಗಿ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ 1971ರಲ್ಲಿ ಬೋಧನೆ ಆರಂಭಿಸಿದಾಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಯಸ್ಕರು, ಅವರಲ್ಲಿ ಎಷ್ಟೋ ಮಂದಿ ದುಡಿಯುವ ತಂದೆತಾಯಿಯರು, ಅದಕ್ಕೆ ಸೇರಿದರು. ಅಂಥ ಸಂಸ್ಥೆ ಅರ್ಧ ಶತಮಾನ ಮೀರಿ ನಡೆದಿರುವಾಗ ಮೆದುಳಿನ ವಾದಕ್ಕೆ ಬೇರೆ ಉತ್ತರ ಬೇಡ.

ಸೀಟು ವ್ಯರ್ಥವಾಗುತ್ತದೆ ಎಂಬ ವಾದ ಇದಕ್ಕಿಂತ ಗಂಭೀರವಾದದ್ದು, ಏಕೆಂದರೆ ಸಾರ್ವಜನಿಕ ಹಣದಿಂದ ನಡೆಯುವ ಸೀಟುಗಳು ನಿಜವಾಗಿಯೂ ಮಿತವಾಗಿವೆ. ನಲವತ್ತಕ್ಕೆ ಪದವಿ ಪಡೆದವರು ಇಪ್ಪತ್ತೆರಡಕ್ಕೆ ಪಡೆದವರಿಗಿಂತ ಕಡಿಮೆ ವರ್ಷ ಸೇವೆ ಸಲ್ಲಿಸುತ್ತಾರೆಂಬ ಈ ಲೆಕ್ಕಾಚಾರ ವೃತ್ತಿಶಿಕ್ಷಣದಲ್ಲಿ ನಿಯಮದ ರೂಪವನ್ನೂ ಪಡೆದಿತ್ತು. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಐದು ವರ್ಷದ ಪದವಿಗೆ 20, ಮೂರು ವರ್ಷದ ಪದವಿಗೆ 30 ವರ್ಷಗಳ ಗರಿಷ್ಠ ಮಿತಿಯನ್ನು ವಿಧಿಸಿದ್ದವು. ಹಿಂತೆಗೆದು ಮತ್ತೆ ಜಾರಿಗೆ ತಂದ ಆ ಮಿತಿಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ ಇದ್ದ 25 ವರ್ಷದ ಮಿತಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ಕೈಬಿಟ್ಟಿರುವುದು 2022ರಲ್ಲಿ ಪ್ರಕಟವಾಯಿತು. ಸೇವೆಯ ವರ್ಷಗಳೇ ಮುಖ್ಯವಾಗಿದ್ದರೆ ಸರ್ಕಾರಿ ಸೀಟಿನಲ್ಲಿ ಎಂಜಿನಿಯರಿಂಗ್ ಓದಿ ಬೇರೆ ಕಸುಬಿಗೆ ಹೋಗುವವರನ್ನೂ, ವೈದ್ಯಕೀಯ ಮುಗಿಸಿ ವಿದೇಶದಲ್ಲಿ ನೆಲೆಸುವವರನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕಿತ್ತು. ಮಕ್ಕಳು, ಮನೆ, ಊರು ಎಲ್ಲವನ್ನೂ ಕಟ್ಟಿಕೊಂಡ ಮೇಲೆ ನರ್ಸಿಂಗನ್ನೋ ಬಿ.ಎಡ್.ಅನ್ನೋ ಓದುವ ಹೆಂಗಸು ಕಲಿತದ್ದನ್ನು ತನ್ನ ತಾಲ್ಲೂಕಿನಲ್ಲಿಯೇ ಬಳಸುವ ಸಂಭವ ಹೆಚ್ಚು. ಹಳ್ಳಿಯ ಆಸ್ಪತ್ರೆಗೆ, ಶಾಲೆಗೆ ಜನ ಸಿಗುವುದಿಲ್ಲವೆಂದು ದೂರುವ ಆಡಳಿತ ಇದನ್ನು ಮೊದಲು ಗಮನಿಸಬೇಕಿತ್ತು.

ಕೆಲಸ ಸಿಗುವುದಿಲ್ಲವೆಂಬ ಮಾತಿನಲ್ಲಿ ಒಂದಂಶ ಸತ್ಯವಿದೆ, ಆದರೆ ಅದು ಓದಿನ ವಿರುದ್ಧದ ಸಾಕ್ಷ್ಯವಲ್ಲ. ಕರ್ನಾಟಕದ ಸಾಮಾನ್ಯ ನೇಮಕಾತಿ ನಿಯಮಗಳು ಸರ್ಕಾರಿ ಸೇವೆಗೆ ಸೇರಲು ಸಾಮಾನ್ಯ ವರ್ಗದವರಿಗೆ 35, ಹಿಂದುಳಿದ ವರ್ಗಗಳಲ್ಲಿ ಹೆಚ್ಚಿನವರಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ ಒಂದರವರಿಗೆ 40 ವರ್ಷಗಳ ಮಿತಿಯನ್ನು ಹಾಕಿದ್ದು, ಆಗಾಗ ಬರುವ ತಾತ್ಕಾಲಿಕ ಸಡಿಲಿಕೆಗಳು ಆ ಗೋಡೆಯನ್ನು ತೆಗೆದಿಲ್ಲ. ಸಂಶೋಧನೆಯಲ್ಲಿ ಈ ಅಸಂಗತಿ ಇನ್ನೂ ಎದ್ದುಕಾಣುತ್ತದೆ: ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, ನೆಟ್ ಪರೀಕ್ಷೆ ಬರೆದು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಪಡೆಯಲು ಯಾವ ವಯಸ್ಸಿನ ಮಿತಿಯೂ ಇಲ್ಲ, ಅದೇ ಪರೀಕ್ಷೆಯ ಮೂಲಕ ದೊರೆಯುವ ಕಿರಿಯ ಸಂಶೋಧನಾ ಶಿಷ್ಯವೇತನಕ್ಕೆ ಮಾತ್ರ ಸಾಮಾನ್ಯ ಮಿತಿ 30 ವರ್ಷ, ಹೆಂಗಸರಿಗೆ ಐದು ವರ್ಷದ ರಿಯಾಯಿತಿ ಸೇರಿದರೆ 35. ಮೂವತ್ತೆಂಟರಲ್ಲಿ ಈ ಪರೀಕ್ಷೆಯನ್ನು ಗೆದ್ದ ಇಬ್ಬರು ಮಕ್ಕಳ ತಾಯಿಗೆ ಪಾಠ ಹೇಳುವ ಯೋಗ್ಯತೆಯಿದೆ, ಸಂಶೋಧನೆಗೆ ಹಣ ಪಡೆಯುವ ಯೋಗ್ಯತೆಯಿಲ್ಲ. ಬಾಗಿಲನ್ನು ತಾನೇ ಹಾಕಿ, ಆ ಕಡೆ ಹೋಗಿ ಪ್ರಯೋಜನವಿಲ್ಲವೆಂದು ಉಪದೇಶಿಸುವುದು ಯಾವ ನೀತಿಯಿಂದಲೂ ಸಮರ್ಥನೀಯವಲ್ಲ. ಅಲ್ಲದೆ ಉದ್ಯೋಗವೊಂದೇ ಓದಿನ ಫಲವೆಂಬುದೂ ದೊಡ್ಡ ತಪ್ಪು. ತನ್ನ ಹೊಲದ ಪಹಣಿಯನ್ನು, ಬ್ಯಾಂಕಿನ ಕರಾರನ್ನು, ಗ್ರಾಮಸಭೆಯ ಲೆಕ್ಕವನ್ನು ತಾನೇ ಓದಿ ಪ್ರಶ್ನಿಸಬಲ್ಲ ಆತ್ಮವಿಶ್ವಾಸವೂ, ಪಂಪನನ್ನೋ ಅಲ್ಲಮನನ್ನೋ ಗುರುಮುಖೇನ ಓದಿದ ಸಂತೋಷವೂ ನಲವತ್ತರ ಮನುಷ್ಯರಿಗೆ ಬೇಡವೆಂದು ಯಾರು ತೀರ್ಮಾನಿಸಿದರು?

ಇಷ್ಟೆಲ್ಲ ಹೇಳಿದ ಮೇಲೆ ಬರುವ ಸಲಹೆ ಎಲ್ಲರಿಗೂ ಪರಿಚಿತವಾದದ್ದು: ಬೇಕಾದರೆ ಕರೆಸ್ಪಾಂಡೆನ್ಸಿನಲ್ಲಿ ಕಟ್ಟಿಕೊಳ್ಳಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಆರಂಭವಾದ ಅಂಚೆ ತೆರಪಿನ ಶಿಕ್ಷಣ, ಅದರಿಂದ 1996ರಲ್ಲಿ ರೂಪುಗೊಂಡ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ, 1985ರ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಇವು ಲಕ್ಷಾಂತರ ಜನರಿಗೆ ತೆರೆದ ದಾರಿ ದೊಡ್ಡದು. ಪ್ರಾಥಮಿಕ ಶಾಲೆಯಲ್ಲಿ ದುಡಿಯುತ್ತಲೇ ಪದವಿ ಪಡೆದ ಶಿಕ್ಷಕಿಯರು, ಗುಮಾಸ್ತರು, ಪೊಲೀಸರು ಈ ನಾಡಿನ ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಆದರೆ ಒಂದು ದಾರಿ ಇದೆಯೆಂಬುದು ಉಳಿದ ದಾರಿಗಳನ್ನು ಮುಚ್ಚಲು ನೆಪವಾಗಬಾರದು. ವೈದ್ಯಕೀಯ, ಎಂಜಿನಿಯರಿಂಗ್, ನರ್ಸಿಂಗ್, ಕಾನೂನುಗಳನ್ನು ದೂರಶಿಕ್ಷಣದಲ್ಲಿ ಕಲಿಸಲು ಯುಜಿಸಿಯ ನಿಯಮಗಳಲ್ಲೇ ಅವಕಾಶವಿಲ್ಲ, ಪ್ರಯೋಗಾಲಯ ಬೇಡುವ ವಿಜ್ಞಾನವನ್ನು ಅಂಚೆಯಲ್ಲಿ ಬಂದ ಪಾಠದಿಂದ ಕಲಿಯುವುದು ಕಷ್ಟ. ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆಯನ್ನು ಯುಜಿಸಿ 2015ರಲ್ಲಿ ಹಿಂತೆಗೆದುಕೊಂಡು 2018ರಲ್ಲಿ ಮರಳಿ ನೀಡುವವರೆಗೆ, ಆ ವಿವಾದದಲ್ಲಿ ಯಾವ ಪಾತ್ರವೂ ಇಲ್ಲದ ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿಯ ಬೆಲೆಯೇನೆಂದು ತಿಳಿಯದೆ ತೊಳಲಬೇಕಾಯಿತು. ಮುಕ್ತ ಮತ್ತು ದೂರಶಿಕ್ಷಣದ ಪದವಿಗಳು ರೆಗ್ಯುಲರ್ ಪದವಿಗಳಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸಾರಬೇಕಾಯಿತೆಂಬುದೇ ಅವುಗಳನ್ನು ಸಮಾನವಾಗಿ ಕಾಣದ ಮನೋಭಾವ ಎಷ್ಟು ಬೇರೂರಿದೆಯೆಂಬುದನ್ನು ತೋರಿಸುತ್ತದೆ. ಇನ್ನೂ ಒಂದು ಮಾತಿದೆ. ಹದಿನೈದು ವರ್ಷ ಅಡುಗೆಮನೆ ಮತ್ತು ಮಕ್ಕಳ ಶಾಲೆಯ ನಡುವೆ ಓಡಾಡಿದ ಹೆಂಗಸಿಗೆ ಬೇಕಿರುವುದು ಪಠ್ಯದ ಕಟ್ಟಷ್ಟೇ ಅಲ್ಲ; ಗ್ರಂಥಾಲಯದ ಮೌನ, ಸಹಪಾಠಿಗಳೊಡನೆ ವಾದ, ಅಧ್ಯಾಪಕರನ್ನು ಎದುರಿಗೆ ಪ್ರಶ್ನಿಸುವ ಅವಕಾಶ ಇವೂ ಬೇಕು. ಮನೆಯಲ್ಲೇ ಕೂತು ಓದಿಕೋ ಎಂಬ ಸಲಹೆ, ಎಷ್ಟೇ ಸದುದ್ದೇಶದ್ದಾದರೂ, ಆಕೆಯನ್ನು ಮನೆಯಲ್ಲಿಯೇ ಉಳಿಸುತ್ತದೆ.

ಪ್ರಚಲಿತ ಅಭಿಪ್ರಾಯಕ್ಕೆ ಅನಿರೀಕ್ಷಿತವಾದ ಬೆಂಬಲ ದೊರೆಯುವುದು ಹೊಗಳಿಕೆಯಿಂದ. ಫಲಿತಾಂಶದ ಕಾಲದಲ್ಲಿ ಪತ್ರಿಕೆಗಳು ಮಗನ ಜೊತೆಯಲ್ಲೇ ಪಾಸಾದ ತಾಯಿಯ ಭಾವಚಿತ್ರವನ್ನು ಪ್ರಕಟಿಸುತ್ತವೆ. ಕೇರಳದ ಸಾಕ್ಷರತಾ ಪರೀಕ್ಷೆಯಲ್ಲಿ 2018ರಲ್ಲಿ ನೂರಕ್ಕೆ 98 ಅಂಕ ಪಡೆದ 96 ವರ್ಷದ ಕಾರ್ತ್ಯಾಯನಿ ಅಮ್ಮ, 2020ರಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ 64 ವರ್ಷದ ಒಡಿಶಾದ ನಿವೃತ್ತ ಬ್ಯಾಂಕ್ ನೌಕರ ದೇಶದಾದ್ಯಂತ ಸುದ್ದಿಯಾದರು. ಅವರ ಸಾಧನೆ ಗೌರವಕ್ಕೆ ಪಾತ್ರವಾದದ್ದೇ. ಆದರೆ ಇಂಥ ಸುದ್ದಿ ಸಾಧಕರ ಛಲವನ್ನು ಬಣ್ಣಿಸುತ್ತದೆಯೇ ಹೊರತು, ಅವರ ಓದನ್ನು ಮೊದಲು ನಿಲ್ಲಿಸಿದ್ದು ಯಾವುದು, ಅವರಂತೆ ಓದಬಯಸಿ ಪ್ರವೇಶದ ಹಂತದಲ್ಲೇ ಹಿಂದೆ ಸರಿದವರೆಷ್ಟು ಎಂದು ಕೇಳುವುದಿಲ್ಲ. ಅಸಾಮಾನ್ಯ ಇಚ್ಛಾಶಕ್ತಿಯುಳ್ಳವರು ಮಾತ್ರ ದಾಟಬಹುದಾದ ಅಡ್ಡಿಯನ್ನು ತೆಗೆಯುವುದು ಬಿಟ್ಟು ದಾಟಿದವರಿಗೆ ಹಾರ ಹಾಕುವುದರಿಂದ ಅಡ್ಡಿ ಇನ್ನಷ್ಟು ಗಟ್ಟಿಯಾಗುತ್ತದೆ. ಸಾಧಾರಣ ಬುದ್ಧಿಯ, ಸಾಧಾರಣ ಧೈರ್ಯದ, ಎರಡನೆಯ ದರ್ಜೆಯಲ್ಲಿ ಪಾಸಾಗುವ ತಾಯಿಗೂ ತಂದೆಗೂ ವಿಶ್ವವಿದ್ಯಾನಿಲಯದಲ್ಲಿ ಸ್ಥಳವಿರಬೇಕು; ಇಪ್ಪತ್ತರ ಸಾಧಾರಣ ವಿದ್ಯಾರ್ಥಿಗೆ ಅಲ್ಲಿ ಸ್ಥಳವಿದೆಯಷ್ಟೆ.

ನಿಯಮಗಳು ಬದಲಾಗಲಾರವೆಂದೇನಿಲ್ಲ. ಪಿಎಚ್.ಡಿ. ವಿದ್ಯಾರ್ಥಿನಿಯರಿಗೆ 240 ದಿನಗಳವರೆಗಿನ ಹೆರಿಗೆ ಅಥವಾ ಶಿಶುಪಾಲನಾ ರಜೆಯನ್ನೂ, ಪ್ರಬಂಧ ಮುಗಿಸಲು ಎರಡು ವರ್ಷಗಳ ಹೆಚ್ಚುವರಿ ಅವಧಿಯನ್ನೂ ಯುಜಿಸಿ 2016ರಲ್ಲಿ ನೀಡಿತು. 2021ರ ಡಿಸೆಂಬರಿನಲ್ಲಿ, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ ಮತ್ತು ಹಾಜರಾತಿಯ ವಿನಾಯಿತಿ ಕೊಡುವ ನಿಯಮಗಳನ್ನು ರೂಪಿಸುವಂತೆ ಎಲ್ಲ ಕುಲಪತಿಗಳಿಗೆ ಪತ್ರ ಬರೆಯಿತು. ಪತ್ರ ನಿಯಮವಾಗುವುದು ಆಯಾ ವಿಶ್ವವಿದ್ಯಾನಿಲಯದ ಮನಸ್ಸಿಗೆ ಬಿಟ್ಟದ್ದಾದ್ದರಿಂದ, ಎಂ.ಎಡ್. ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬರು ಹೆರಿಗೆ ರಜೆಗಾಗಿ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ಶಿಕ್ಷಣದ ಹಕ್ಕು ಮತ್ತು ತಾಯ್ತನದ ಹಕ್ಕುಗಳಲ್ಲಿ ಒಂದನ್ನು ಆರಿಸಿಕೊಳ್ಳುವಂತೆ ನಾಗರಿಕಳನ್ನು ಒತ್ತಾಯಿಸಲಾಗದೆಂಬ ಅಭಿಪ್ರಾಯವನ್ನು ಆ ನ್ಯಾಯಾಲಯ 2023ರ ಮೇ ತಿಂಗಳಲ್ಲಿ ವ್ಯಕ್ತಪಡಿಸಿತು. ತಾಯ್ತನ ಹೆರಿಗೆಯೊಡನೆ ಮುಗಿಯುವುದಿಲ್ಲ ಎಂಬುದನ್ನು ಮಾತ್ರ ನಿಯಮ ಮಾಡುವವರು ಇನ್ನೂ ಗ್ರಹಿಸಿದಂತಿಲ್ಲ. ಏಳು ವರ್ಷದ ಮಗುವಿಗೆ ಜ್ವರ ಬಂದ ದಿನ ಶೇ. 75 ಹಾಜರಾತಿಯ ನಿಯಮದ ಕಣ್ಣಿಗೆ ಆ ತಾಯಿ ಸಿನಿಮಾಕ್ಕೆ ಹೋಗಿ ತರಗತಿ ತಪ್ಪಿಸಿದ ಹುಡುಗನಿಗಿಂತ ಭಿನ್ನವಲ್ಲ, ಮಗುವನ್ನು ಆಸ್ಪತ್ರೆಗೆ ಕರೆದೊಯ್ದ ತಂದೆಯ ಸ್ಥಿತಿಯೂ ಅದೇ.

ಅರ್ಧಕ್ಕೆ ನಿಂತ ಓದನ್ನು ಉಳಿಸಿಡುವ ಏರ್ಪಾಡೊಂದು 2021ರಲ್ಲಿ ಬಂತು. ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್ ಎಂಬುದು ವಿದ್ಯಾರ್ಥಿ ಪಾಸು ಮಾಡಿದ ವಿಷಯಗಳ ಮೌಲ್ಯವನ್ನು ಅವರ ಹೆಸರಿನ ಖಾತೆಯಲ್ಲಿ ಜಮಾ ಮಾಡಿ, ಮುಂದೆ ಬೇರೆ ಸಂಸ್ಥೆಗೆ ಸೇರಿದಾಗಲೂ ಬಳಸಿಕೊಳ್ಳಲು ಬಿಡುವ ವ್ಯವಸ್ಥೆ. ಆದರೆ ಆ ಜಮೆಯ ಆಯುಸ್ಸು ಹೆಚ್ಚೆಂದರೆ ಏಳು ವರ್ಷ. ಇಪ್ಪತ್ತರಲ್ಲಿ ಓದು ನಿಲ್ಲಿಸಿ, ಎರಡು ಮಕ್ಕಳನ್ನು ಹೆತ್ತು, ಕಿರಿಯದು ಶಾಲೆಗೆ ಸೇರಿದ ಮೇಲೆ ಮರಳುವ ಹೆಂಗಸಿಗೆ ಸಾಮಾನ್ಯವಾಗಿ ಅಷ್ಟು ಕಾಲ ಸಾಲುವುದಿಲ್ಲ. ಆಕೆ ಮರಳುವ ಹೊತ್ತಿಗೆ ಆಕೆಯ ಖಾತೆ ಬರಿದಾಗಿರುತ್ತದೆ. ಬರೋಡಾದ ಶಿಷ್ಯವೇತನ ಮುಗಿದು 1917ರಲ್ಲಿ ಓದನ್ನು ಅರ್ಧಕ್ಕೇ ಬಿಟ್ಟು ಭಾರತಕ್ಕೆ ಮರಳಬೇಕಾದ ಅಂಬೇಡ್ಕರರಿಗೆ, ನಾಲ್ಕು ವರ್ಷಗಳೊಳಗೆ ಬಂದು ಮುಂದುವರಿಸಬಹುದೆಂಬ ಅನುಮತಿಯನ್ನು ಲಂಡನ್ ವಿಶ್ವವಿದ್ಯಾನಿಲಯ ಕೊಟ್ಟಿತ್ತು, ಆ ಅನುಮತಿಯನ್ನು ಬಳಸಿಯೇ ಅವರು 1920ರಲ್ಲಿ ಮರಳಿದರು. ಒಬ್ಬ ವಿದ್ಯಾರ್ಥಿಯ ಸಂಕಟವನ್ನು ಅರಿತು ಆಗ ಮಾಡಿದ್ದನ್ನು ಲಕ್ಷಾಂತರ ತಾಯಂದಿರ ಬದುಕಿನ ಗತಿಯನ್ನು ಅರಿತು ಈಗ ಮಾಡುವುದಾದರೆ, ಕ್ರೆಡಿಟ್ಟಿನ ಅವಧಿಯನ್ನು ಕನಿಷ್ಠ ಇಪ್ಪತ್ತು ವರ್ಷಕ್ಕಾದರೂ ವಿಸ್ತರಿಸಬೇಕು. ವೇಗವಾಗಿ ಹಳತಾಗುವ ತಾಂತ್ರಿಕ ವಿಷಯಗಳಿಗೆ ಒಂದು ಸೇತುವೆ ಪಾಠಕ್ರಮ, ಅಂದರೆ ನಡುವೆ ಬದಲಾದುದನ್ನು ತಿಳಿಸಿಕೊಡುವ ಕಿರು ತರಬೇತಿ ಸಾಕು. ಇದರ ಜೊತೆಗೆ ಬೇಕಾದದ್ದು ಮಗುವನ್ನು ಬಿಡುವ ಜಾಗ. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ನಡೆಸಬೇಕೆಂದು 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ವಿಧಿಸಿತು, ಆದರೆ ವಿದ್ಯಾರ್ಥಿನಿ ನೌಕರಳಲ್ಲವಾದ್ದರಿಂದ ಆ ಹಕ್ಕು ಆಕೆಗೆ ತಲುಪುವುದಿಲ್ಲ. ಕರ್ನಾಟಕ ಸರ್ಕಾರ 2023ರಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳ ಪ್ರಯಾಣವನ್ನು ಉಚಿತಗೊಳಿಸಿದೆ, ಹಾಗಾಗಿ ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗಿಬರುವ ಖರ್ಚು ತಾಯಿಯೊಬ್ಬಳಿಗೆ ಈಗ ಅಡ್ಡಿಯಲ್ಲ. ಅದೇ ವರ್ಷದ ಬಜೆಟ್ಟಿನಲ್ಲಿ ಉದ್ಯೋಗ ಖಾತ್ರಿಯ ಕೂಲಿಕಾರ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆಯನ್ನೂ ಪ್ರಕಟಿಸಿತು. ಕೆರೆಯ ಹೂಳೆತ್ತುವ ತಾಯಿಯ ಮಗುವಿಗಾಗಿ ಊರಿನಲ್ಲಿ ಕೋಣೆ, ಆಯಾ, ಹಾಲುಗಳ ವ್ಯವಸ್ಥೆ ಮಾಡುವುದು ಸಾಧ್ಯವೆಂದು ತಿಳಿದ ರಾಜ್ಯದಲ್ಲಿ, ಪದವಿ ಕಾಲೇಜಿನ ಆವರಣದಲ್ಲಿ ಅಂಥದೊಂದು ಕೋಣೆ ಏಕಿಲ್ಲವೆಂಬ ಪ್ರಶ್ನೆಗೆ ಹಣವಿಲ್ಲ ಎಂಬ ಉತ್ತರ ಸಲ್ಲದು, ಅಂಥ ವಿದ್ಯಾರ್ಥಿಗಳು ಬರುವುದಿಲ್ಲ ಎಂಬ ಉತ್ತರವಂತೂ ಅದಕ್ಕಿಂತಲೂ ಸಲ್ಲದು.